ಚಕ್ಕೋತ ಮೇಷ್ಟ್ರನ್ನು ಬರೆದವನ ಮುಚ್ಚಿಟ್ಟ ಪುಟ

1940ರ ಮೇ ತಿಂಗಳು. ಆಲ್ದೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಹೂಮಳೆ ಮುಗಿದು ಮುಂಗಾರಿಗೆ ಕಾಯುವ ಹೊತ್ತು. ಆದರೆ ಆ ವರ್ಷ ಬೆಳೆಗಾರರ ಚಿಂತೆ ಮಳೆಯದಾಗಿರಲಿಲ್ಲ. ಮಲೆನಾಡಿನ ಕಾಫಿಯನ್ನು ಕೊಳ್ಳುತ್ತಿದ್ದ ಯೂರೋಪಿನ ಪೇಟೆಗಳು ಯುದ್ಧದಿಂದಾಗಿ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಬೆಲೆ ಕುಸಿಯಿತು. ಬೆಳೆಗಾರನನ್ನು ಉಳಿಸಲೆಂದು ಸರ್ಕಾರ ಅದೇ ವರ್ಷ ಕಾಫಿ ಮಾರುಕಟ್ಟೆ ವಿಸ್ತರಣಾ ಮಂಡಳಿಯನ್ನು ರಚಿಸಿತು. 1942ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು. ಬೆಳೆದ ಕಾಫಿಯನ್ನು ಒಂದೇ ಕಡೆ ಒಪ್ಪಿಸುವ 'ಪೂಲ್' ಪದ್ಧತಿ ಶುರುವಾದದ್ದು ಹೀಗೆ. ಅದು ಪೂರ್ತಿ ಕೊನೆಗೊಂಡದ್ದು 1996ರಲ್ಲಿ. ಹಿಟ್ಲರನ ದಂಡಯಾತ್ರೆ ನಮ್ಮ ಬೆಟ್ಟಗಳ ಬದುಕಿನ ಮೇಲೆ ಬಿಟ್ಟುಹೋದ ಗುರುತು ಅಷ್ಟು ದೀರ್ಘವಾದದ್ದು.

ಅದೇ ಮೇ 10ರಂದು ಜರ್ಮನಿಯ ಸೇನೆ ಹಾಲೆಂಡಿಗೆ ನುಗ್ಗಿತು. 14ರಂದು ರಾಟರ್‌ಡ್ಯಾಮ್ ನಗರದ ಮೇಲೆ ಬಾಂಬು ಸುರಿಯಿತು. ಮರುದಿನ ಡಚ್ ಸೇನೆ ಶರಣಾಯಿತು. ಹದಿನೇಳನೇ ಶತಮಾನದ ಕೊನೆಯಲ್ಲಿ ಮಲಬಾರ್ ಕರಾವಳಿಯಿಂದ ಕಾಫಿ ಗಿಡಗಳನ್ನು ಜಾವಾಕ್ಕೆ ಒಯ್ದು ನೆಟ್ಟು, ಯೂರೋಪಿಗೆಲ್ಲ ಕಾಫಿ ಮಾರಿ ಸಿರಿವಂತರಾದ ಡಚ್ಚರು ಈಗ ಹುರಿದ ಧಾನ್ಯದ, ಚಿಕೋರಿಯ ಕಷಾಯ ಕುಡಿಯುವಂತಾಯಿತು. ಮುಂದಿನ ಐದು ವರ್ಷಗಳಲ್ಲಿ ಅವರು ಕಳೆದುಕೊಂಡದ್ದರ ಮುಂದೆ ಕಾಫಿ ಏನೂ ಅಲ್ಲ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಆಗ 14 ವರ್ಷ. ಹೆಸರು ಯೊಹಾನ್ ವಿಲ್ಲೆಮ್ ಫಾನ್ ಡೆರ್ ಜಾಂಟ್. ಮುಂದೆ ಅವನು 'ಹಾನ್ಸ್ ಆಂದ್ರೇಯಸ್' ಎಂಬ ಹೆಸರಿನಲ್ಲಿ ಕವಿಯಾದ. ಆ ದೇಶದ ಮಕ್ಕಳ ಅಚ್ಚುಮೆಚ್ಚಿನ ಕಥೆಗಾರನೂ ಆದ. ಆತನ ಮಕ್ಕಳ ಪುಸ್ತಕಗಳಲ್ಲಿ ಹೆಸರಾದವು 'ಮೇಸ್ತರ್ ಪೊಂಪೆಲ್‌ಮೂಸ್' ಎಂಬ ಮೇಷ್ಟ್ರ ಕಥೆಗಳು. ಪೊಂಪೆಲ್‌ಮೂಸ್ ಎಂದರೆ ಡಚ್ ನುಡಿಯಲ್ಲಿ ಚಕ್ಕೋತದ ಜಾತಿಯ ಹಣ್ಣು. ಕನ್ನಡಕ್ಕೆ ಬಂದಿದ್ದರೆ ಅವರು 'ಚಕ್ಕೋತ ಮೇಷ್ಟ್ರು' ಎಂದೇ ಕರೆಸಿಕೊಳ್ಳುತ್ತಿದ್ದರೇನೋ. 'ಅಡ್ಡಾದಿಡ್ಡಿ ತೋಟ' ಎಂದು ಹೇಳಬಹುದಾದ ಹೆಸರಿನ ಅವರ ಇನ್ನೊಂದು ಪುಸ್ತಕಕ್ಕೆ 1971ರಲ್ಲಿ ಆ ದೇಶದ ಮಕ್ಕಳ ಸಾಹಿತ್ಯದ ಗೌರವವಾದ 'ಬೆಳ್ಳಿಯ ಬಳಪ' ಸಂದಿತು. ಸ್ಲೇಟಿನ ಮೇಲೆ ಬರೆಯುವ ಬಳಪದ ಹೆಸರಿನಲ್ಲೇ ಪ್ರಶಸ್ತಿ ಕೊಡುವುದು ಅಲ್ಲಿನ ಪದ್ಧತಿ.

ಈ ಕಥೆಗಾರ ಹದಿಹರೆಯದಲ್ಲಿ ಜರ್ಮನಿಯ ಪರವಾಗಿ ಕಾದಾಡಲು ಪೂರ್ವ ರಣರಂಗಕ್ಕೆ ಸ್ವಯಂಸೇವಕನಾಗಿ ಹೆಸರು ಕೊಟ್ಟಿದ್ದ.

ತನ್ನ ದೇಶವನ್ನು ಆಕ್ರಮಿಸಿಕೊಂಡವರ ಸೇನೆಗೇ ಒಬ್ಬ ಹುಡುಗ ಸೇರುತ್ತಾನೆಂದರೆ ನಂಬುವುದು ಕಷ್ಟ. ಆದರೆ ಅವನೊಬ್ಬನೇ ಅಲ್ಲ. ಜರ್ಮನಿಯ ಕುಖ್ಯಾತ ಎಸ್.ಎಸ್. ಪಡೆಗಳಿಗೆ ಸೇರಿದ ಡಚ್ ಸ್ವಯಂಸೇವಕರ ಸಂಖ್ಯೆ 20,000ಕ್ಕೂ ಹೆಚ್ಚು. ಸ್ಥಳೀಯ ನಾಜಿ ಪಕ್ಷಕ್ಕೆ ಒಂದು ಹಂತದಲ್ಲಿ ಸುಮಾರು ಒಂದು ಲಕ್ಷ ಸದಸ್ಯರಿದ್ದರು. ರಷ್ಯದ ಕಮ್ಯುನಿಸಂನಿಂದ ಯೂರೋಪನ್ನು ಕಾಪಾಡುವ ಧರ್ಮಯುದ್ಧ ಇದೆಂದು ಗೋಡೆಗೋಡೆಗಳ ಮೇಲೆ ಭಿತ್ತಿಪತ್ರಗಳಿದ್ದವು. ಕೆಲವರು ಸಿದ್ಧಾಂತ ನಂಬಿ ಹೋದರು. ಕೆಲವರನ್ನು ಒಯ್ದದ್ದು ಸಾಹಸದ ಆಸೆ, ಸಂಬಳ, ಮನೆಯ ಜಗಳ.

ಅದೇ ವರ್ಷಗಳಲ್ಲಿ ಆ ದೇಶದಿಂದ ರೈಲುಗಳು ಪೂರ್ವಕ್ಕೆ ಹೊರಡುತ್ತಿದ್ದವು. 1942ರ ಜುಲೈನಿಂದ 1944ರ ಸೆಪ್ಟೆಂಬರಿನವರೆಗೆ ವೆಸ್ಟರ್‌ಬೋರ್ಕ್ ಶಿಬಿರದಿಂದ, ಹೆಚ್ಚಾಗಿ ಮಂಗಳವಾರಗಳಂದು, ಯೆಹೂದ್ಯರನ್ನು ತುಂಬಿದ ರೈಲುಗಳು ಸಾವಿನ ಶಿಬಿರಗಳಿಗೆ ಸಾಗಿದವು. ಸುಮಾರು 1,40,000 ಯೆಹೂದ್ಯರಿದ್ದ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಒಬ್ಬಳು ಆನ್ ಫ್ರಾಂಕ್. ಅಡಗುತಾಣದಲ್ಲಿ ಅವಳು ಆಸೆಪಟ್ಟು ಓದುತ್ತಿದ್ದ ಲೇಖಕಿ ಸಿಸ್ಸಿ ಫಾನ್ ಮಾರ್ಕ್ಸ್‌ಫೆಲ್ಟ್. ದಿನಚರಿಗೆ 'ಕಿಟ್ಟಿ' ಎಂದು ಹೆಸರಿಡಲು ಆ ಲೇಖಕಿಯ ಪಾತ್ರಗಳೇ ಪ್ರೇರಣೆ ಎನ್ನುತ್ತಾರೆ. ಯೆಹೂದ್ಯನಾಗಿದ್ದ ಆ ಲೇಖಕಿಯ ಗಂಡನನ್ನು ಜರ್ಮನರು 1944ರಲ್ಲಿ ಗುಂಡಿಟ್ಟು ಕೊಂದರು. ಮಾರ್ಕ್ಸ್‌ಫೆಲ್ಟಳ ಪುಸ್ತಕಗಳೂ ಚಕ್ಕೋತ ಮೇಷ್ಟ್ರ ಕಥೆಗಳೂ ಡಚ್ ಮಕ್ಕಳಿಗೆ ಒಂದೇ ಸಾಹಿತ್ಯದ ಪಾಲಾಗಿ ಬಂದವು.

ಯುದ್ಧ 1945ರ ಮೇನಲ್ಲಿ ಮುಗಿದಾಗ ಫಾನ್ ಡೆರ್ ಜಾಂಟ್‌ನಿಗೆ 19 ವರ್ಷ. ಹಾಲೆಂಡ್ ಆಗಷ್ಟೇ ಒಂದು ಭೀಕರ ಚಳಿಗಾಲದಿಂದ ಹೊರಬಂದಿತ್ತು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದಿದ್ದರು. ಹಸಿವಿನಿಂದ ಸುಮಾರು 20,000 ಮಂದಿ ಸತ್ತಿದ್ದರು. ಜರ್ಮನರ ಜೊತೆ ಕೈಜೋಡಿಸಿದವರ ಮೇಲೆ ಜನರ ಸಿಟ್ಟು ಹೇಗಿದ್ದಿರಬೇಕೆಂದು ಊಹಿಸಬಹುದು. ವಿಶೇಷ ನ್ಯಾಯಾಲಯಗಳು ಕೂತವು. ಜರ್ಮನ್ ಸೇನೆಗೆ ಸೇರಿದವರು ಡಚ್ ಪೌರತ್ವವನ್ನೇ ಕಳೆದುಕೊಂಡರು. ಆಡುಮಾತಿನಲ್ಲಿ ಎರಡು ಪದ ನೆಲೆನಿಂತವು. 'ಖೂಟ್' ಎಂದರೆ ಒಳ್ಳೆಯವನು, 'ಫೌಟ್' ಎಂದರೆ ತಪ್ಪಿದವನು. ಯುದ್ಧಕಾಲದಲ್ಲಿ ನೀನು ಯಾವ ಕಡೆ ಇದ್ದೆ ಎಂಬುದಕ್ಕೆ ಈ ಎರಡೇ ಉತ್ತರ. ಮದುವೆ ಸಂಬಂಧದಲ್ಲಿ, ಕೆಲಸದ ಅರ್ಜಿಯಲ್ಲಿ, ಕೊನೆಗೆ ನೆರೆಮನೆಯ ಮಗುವಿನ ಜೊತೆ ಆಡಬೇಕೋ ಬೇಡವೋ ಎಂಬಲ್ಲೂ ಇದೇ ಪ್ರಶ್ನೆ. 1983ರಲ್ಲಿ ಬ್ಲೋಮ್ ಎಂಬ ಇತಿಹಾಸಕಾರ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭಾಷಣದಲ್ಲಿ, ಈ ಎರಡು ಪದಗಳ ಮೋಡಿಯಿಂದ ಹೊರಬಂದು ಆ ಕಾಲವನ್ನು ನೋಡಬೇಕೆಂದು ವಾದಿಸಿದಾಗ ಅದೇ ದೊಡ್ಡ ಚರ್ಚೆಯಾಯಿತು. ಯುದ್ಧ ಮುಗಿದು ಆಗಲೇ 38 ವರ್ಷ ಕಳೆದಿತ್ತು.

ಇಂಥ ವಾತಾವರಣದಲ್ಲಿ 'ನಾನು ಆ ಕಡೆ ಇದ್ದೆ' ಎಂದು ಹೇಳಿ ಬರಹಗಾರನಾಗಿ ಬದುಕುವುದು ಸಾಧ್ಯವಿತ್ತೇ? ಫಾನ್ ಡೆರ್ ಜಾಂಟ್ ಹೇಳಲಿಲ್ಲ.

1951ರಲ್ಲಿ ಮೊದಲ ಕವನ ಸಂಕಲನ ಬಂತು. ಡಚ್ ಕಾವ್ಯದಲ್ಲಿ ಆಗ 'ಐವತ್ತರವರು' ಎಂದು ಕರೆಯಲಾಗುವ ಗುಂಪು ಹಳೆಯ ಛಂದಸ್ಸನ್ನೂ ನಯವಾದ ಮಾತನ್ನೂ ಒಡೆದು ಹೊಸದನ್ನು ಕಟ್ಟುತ್ತಿತ್ತು. ನಮ್ಮಲ್ಲಿ ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' ಬಂದದ್ದೂ ಅದೇ ದಶಕದಲ್ಲಿ, 1954ರಲ್ಲಿ. ಕಾಲ ಒಂದೇ, ಹುಮ್ಮಸ್ಸೂ ಹೆಚ್ಚುಕಡಿಮೆ ಒಂದೇ. ಆ ಗುಂಪಿನಲ್ಲಿ ಆಂದ್ರೇಯಸ್‌ರದು ಬೆಳಕಿನ ಕವಿ ಎಂಬ ಹೆಸರು. ಬಿಸಿಲು, ಮೈಯ ಸುಖ, ಪ್ರೇಮ ಅವರ ವಸ್ತು. ಪ್ಯಾರಿಸ್ಸಿನಲ್ಲಿ, ರೋಮಿನಲ್ಲಿ ಕೆಲಕಾಲ ಇದ್ದರು. ಆದರೆ ಐವತ್ತರ ದಶಕದ ನಡುವೆ ಮನಸ್ಸು ಕುಸಿಯಿತು, ಚಿಕಿತ್ಸೆ ಬೇಕಾಯಿತು. ಆ ಅನುಭವದ ಬೆನ್ನಿಗೆ 1957ರಲ್ಲಿ ಬಂದ ಸಂಕಲನದ ಹೆಸರು 'ಪುಟ್ಟ ಹುಚ್ಚಿನ ಸುನೀತಗಳು'. ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟ ಶಿವರಾಮ ಕಾರಂತರು ಕನ್ನಡ ಓದುಗರಿಗೆ ಇಲ್ಲಿ ನೆನಪಾಗದಿರರು. ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದ ಕಾರಂತರು ತಮ್ಮ ಎಡವಟ್ಟುಗಳನ್ನು ಪುಟಗಟ್ಟಲೆ ತಾವೇ ಹೇಳಿಕೊಂಡವರು. ಆಂದ್ರೇಯಸ್‌ರ ಬದುಕಿನ ಮುಖ್ಯ ಪುಟವೊಂದು ಓದುಗರಿಗೆ ವಿವರವಾಗಿ ತೆರೆದುಕೊಳ್ಳಲು 1995ರಲ್ಲಿ ಯಾನ್ ಫಾನ್ ಡೆರ್ ಫೆಖ್ಟ್ ಬರೆದ ಜೀವನಚರಿತ್ರೆ ಬರಬೇಕಾಯಿತು. ಅಷ್ಟರಲ್ಲಿ ಕವಿ ಸತ್ತು 18 ವರ್ಷವಾಗಿತ್ತು.

ಮುಂದೆ ಇನ್ನೊಂದು ಆಘಾತ ಕಾದಿತ್ತು. 'ಐವತ್ತರವರ' ಚಕ್ರವರ್ತಿ ಎನಿಸಿಕೊಂಡಿದ್ದವರು ಲೂಚೆಬೆರ್ಟ್. ಆಂದ್ರೇಯಸ್‌ರ ಎಳೆಯ ಕಾಲದ ಗೆಳೆಯ. ಹಿಂಸೆಯ ವಿರುದ್ಧ, ಅಧಿಕಾರದ ವಿರುದ್ಧ ಬರೆದ ಕವಿ, ಚಿತ್ರಕಾರ. 1994ರಲ್ಲಿ ತೀರಿಕೊಂಡರು. 2018ರಲ್ಲಿ ವಿಮ್ ಹಾಜೂ ಅವರ ಜೀವನಚರಿತ್ರೆ ಸಿದ್ಧವಾಗುವಾಗ, ಯುದ್ಧಕಾಲದಲ್ಲಿ ಅವರು ಬರೆದ ಪತ್ರಗಳು ಬೆಳಕಿಗೆ ಬಂದವು. ಯೆಹೂದ್ಯರ ಮೇಲಿನ ದ್ವೇಷವೂ ನಾಜಿಗಳ ಜಯಕಾರವೂ ಅದರಲ್ಲಿದ್ದವು. ಜರ್ಮನಿಯ ಕಾರ್ಖಾನೆಗೆ ಅವರು ದುಡಿಯಲು ಹೋದದ್ದೂ ತಾವಾಗಿಯೇ. ಒಂದೇ ಗುಂಪಿನ ಇಬ್ಬರು ಗೆಳೆಯರು, ಒಂದೇ ಬಗೆಯ ಮೌನ. ಕವಿಗಳೆಲ್ಲ ಪ್ರತಿರೋಧದ ಪಕ್ಷದಲ್ಲೇ ಇದ್ದರೆಂದು ಭಾವಿಸಿದ್ದ ಡಚ್ಚರಿಗೆ ಇದು ಸುಲಭದ ತುತ್ತಾಗಿರಲಿಲ್ಲ.

ಭಾರತದಲ್ಲಿ ಕೂತು ಇದನ್ನು ಓದುವವರಿಗೆ ಬೇರೊಂದು ತೊಡಕಿದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಪಶ್ಚಿಮಕ್ಕೆ ಹೆಚ್ಚು ದೂರವಿಲ್ಲದ ಜಾಂಡ್‌ಫೋರ್ಟ್ ಕಡಲತೀರದಲ್ಲಿ 1943ರಲ್ಲಿ ಜರ್ಮನ್ ಸಮವಸ್ತ್ರ ತೊಟ್ಟು ಕಾವಲಿದ್ದವರಲ್ಲಿ ಭಾರತೀಯರಿದ್ದರು. ಉತ್ತರ ಆಫ್ರಿಕದಲ್ಲಿ ಬ್ರಿಟಿಷರ ಪರ ಹೋರಾಡಿ ಸೆರೆಸಿಕ್ಕ ಸೈನಿಕರಲ್ಲಿ ಸಾವಿರಾರು ಮಂದಿಯನ್ನು ಸೇರಿಸಿ ಸುಭಾಷ್‌ಚಂದ್ರ ಬೋಸರು ಕಟ್ಟಿದ ಆಜಾದ್ ಹಿಂದ್ ಲೀಜನ್ ಅದು. ಇನ್ನೊಂದು ತುಕಡಿ ಟೆಕ್ಸೆಲ್ ದ್ವೀಪದಲ್ಲಿತ್ತು. ಆ ಹೊತ್ತಿಗೆ ಬೋಸರು ಜಲಾಂತರ್ಗಾಮಿ ಹತ್ತಿ ಪೂರ್ವಕ್ಕೆ ಹೊರಟುಹೋಗಿದ್ದರು. 1944ರಲ್ಲಿ ಲೀಜನ್ನನ್ನು ಎಸ್.ಎಸ್. ಪಡೆಗೆ ವರ್ಗಾಯಿಸಲಾಯಿತು. ಯುದ್ಧದ ನಂತರ ಈ ಸೈನಿಕರನ್ನು ಬ್ರಿಟಿಷರು ಭಾರತಕ್ಕೆ ಕರೆತಂದರು. ಅಷ್ಟರಲ್ಲಿ ಐಎನ್‌ಎ ಅಧಿಕಾರಿಗಳ ಕೆಂಪುಕೋಟೆ ವಿಚಾರಣೆಯ ವಿರುದ್ಧ ದೇಶವೇ ಎದ್ದು ನಿಂತಿತ್ತು.

ಹಾಲೆಂಡಿನಲ್ಲಿ ಪೌರತ್ವ ಕಳೆಯುತ್ತಿದ್ದ ಕೆಲಸಕ್ಕೆ ನಮ್ಮಲ್ಲಿ ಹಾರ ಬಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಭಾರತೀಯ ಸೈನಿಕನ ದೇಶವನ್ನು ಆಳುತ್ತಿದ್ದವರು ಬ್ರಿಟಿಷರು; ಡಚ್ ಹುಡುಗನ ದೇಶವನ್ನು ತುಳಿಯುತ್ತಿದ್ದವರು ಜರ್ಮನರೇ. ಆದರೂ ಜಾಂಡ್‌ಫೋರ್ಟಿನಲ್ಲಿ ನಮ್ಮವರು ಪಹರೆ ನಡೆಸುತ್ತಿದ್ದ ಅದೇ ತಿಂಗಳುಗಳಲ್ಲಿ ವೆಸ್ಟರ್‌ಬೋರ್ಕಿನ ಮಂಗಳವಾರದ ರೈಲು ಹೊರಡುತ್ತಿತ್ತು ಎಂಬ ಸಂಗತಿ ನಮ್ಮ ಶಾಲೆಯ ಪಾಠಗಳಲ್ಲಿ ಕಾಣಿಸುವುದು ಅಪರೂಪ. ಡಚ್ ಕವಿಯ ಮೌನದ ಬಗ್ಗೆ ತೀರ್ಪು ಕೊಡುವ ಮೊದಲು ಇದನ್ನೂ ನೆನೆಯುವುದು ಸರಿ.

ಹಾಗಾದರೆ ಚಕ್ಕೋತ ಮೇಷ್ಟ್ರ ಕಥೆಗಳನ್ನು ಮಕ್ಕಳ ಕೈಗೆ ಕೊಡಬೇಕೇ? ದೊಡ್ಡವರ ಕಾವ್ಯಕ್ಕಿಂತ ಮಕ್ಕಳ ಪುಸ್ತಕದಲ್ಲಿ ಈ ಪ್ರಶ್ನೆ ಚುರುಕಾಗುತ್ತದೆ. ದೊಡ್ಡ ಓದುಗ ಬರೆದವನ ಬಗ್ಗೆ ಅನುಮಾನ ಇಟ್ಟುಕೊಂಡೇ ಓದಬಲ್ಲ. ಮಗು ಪೂರ್ತಿ ನಂಬಿ ಓದುತ್ತದೆ. ಇದೇ ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು, ಬ್ರೌನಿಂಗ್ ಕವಿಯಿಂದ ಪಡೆದು ಕನ್ನಡಕ್ಕೆ ತಂದ ಕಿಂದರಿಜೋಗಿಯ ಹಿಂದೆ ಬೊಮ್ಮನಹಳ್ಳಿಯ ಮಕ್ಕಳು ಹೋದದ್ದೂ ಹಾಗೆಯೇ. ಆ ಕಥೆಯ ಮೂಲ ಊರು ಜರ್ಮನಿಯ ಹ್ಯಾಮೆಲಿನ್. ಹದಿಹರೆಯದ ಫಾನ್ ಡೆರ್ ಜಾಂಟ್ ಕೂಡ ಒಂದು ವಾದ್ಯದ ಹಿಂದೆ ಹೋದವನೇ ಎನ್ನಬಹುದು. ಆದರೆ ಮಿಕ್ಕ ಡಚ್ ಹುಡುಗರಲ್ಲಿ ಹೆಚ್ಚಿನವರು ಅದೇ ವಾದ್ಯ ಕೇಳಿಯೂ ಹೋಗಲಿಲ್ಲ. ವಯಸ್ಸಿನ ನೆಪ ಅರ್ಧ ದಾರಿ ಮಾತ್ರ ಸಾಗುತ್ತದೆ.

ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಿದರೆ ಹಾಲೆಂಡ್ 1945ರ ನಂತರ ಮಾಡಿದ ತಪ್ಪೇ ಮತ್ತೆ ಆಗುತ್ತದೆ. ಹೇಳಿದರೆ ಎಲ್ಲವೂ ಹೋಗುತ್ತದೆ ಎಂಬ ಭಯವಿದ್ದಲ್ಲಿ ಯಾರೂ ಹೇಳುವುದಿಲ್ಲ. ಪುಸ್ತಕ ಇರಲಿ, ಮಗು ದೊಡ್ಡದಾದಾಗ ಬರೆದವನ ಕಥೆಯೂ ಅದಕ್ಕೆ ಸಿಗಲಿ. ಡಚ್ಚರೂ ನಿಧಾನವಾಗಿ ಆ ಕಡೆಗೇ ಸರಿಯುತ್ತಿರುವಂತಿದೆ. ಯುದ್ಧಾನಂತರ ತನಿಖೆಗೆ ಒಳಗಾದ ಸುಮಾರು 4,25,000 ಮಂದಿಯ ಹೆಸರುಗಳ ಪಟ್ಟಿಯನ್ನು 2025ರ ಜನವರಿಯಲ್ಲಿ ಅಂತರ್ಜಾಲದಲ್ಲಿ ತೆರೆದಿಡಲಾಯಿತು. ಅದರಲ್ಲಿ ತನಿಖೆಯಾಗಿಯೂ ಶಿಕ್ಷೆಯಾಗದವರೇ ಬಹುಪಾಲು. ಕಡತಗಳನ್ನೇ ನೋಡಬೇಕೆಂದರೆ ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕಿತ್ತು. ಖಾಸಗಿ ವಿವರಗಳ ರಕ್ಷಣೆಯ ತಕರಾರು ಎದ್ದು ಅವನ್ನು ಅಂತರ್ಜಾಲಕ್ಕೆ ಏರಿಸುವುದು ನಿಂತಿತು.

ಆಂದ್ರೇಯಸ್ 1977ರ ಜೂನ್ 9ರಂದು, 51ನೇ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಸತ್ತರು. ಸತ್ತದ್ದು ಪುಟ್ಟೆನ್ ಎಂಬ ಊರಿನಲ್ಲಿ. 1944ರ ಅಕ್ಟೋಬರಿನಲ್ಲಿ ಪ್ರತಿರೋಧದವರು ಅಲ್ಲಿಗೆ ಹತ್ತಿರದಲ್ಲಿ ಜರ್ಮನ್ ವಾಹನವೊಂದರ ಮೇಲೆ ದಾಳಿ ಮಾಡಿದ್ದಕ್ಕೆ ಸೇಡಾಗಿ, ಜರ್ಮನ್ ಸೇನೆ ಆ ಊರಿನ ಗಂಡಸರನ್ನೆಲ್ಲ ಒಟ್ಟುಗೂಡಿಸಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಶಿಬಿರಗಳಿಗೆ ಸಾಗಿಸಿತು. ನೂರಕ್ಕೂ ಹೆಚ್ಚು ಮನೆಗಳಿಗೆ ಬೆಂಕಿ ಇಟ್ಟಿತು. ಯುದ್ಧ ಮುಗಿದ ಮೇಲೆ ಮರಳಿದವರು 48 ಮಂದಿ. ಊರಿನಲ್ಲಿ ಕಲ್ಲಿನ ಒಂದು ಪ್ರತಿಮೆ ಇದೆ, 1949ರಲ್ಲಿ ನಿಲ್ಲಿಸಿದ್ದು. ಹಳ್ಳಿಯ ಉಡುಗೆ ತೊಟ್ಟ ಹೆಂಗಸೊಬ್ಬಳು, ಕೈಯಲ್ಲಿ ಕರವಸ್ತ್ರ ಹಿಡಿದು, ಗಂಡಸರನ್ನು ಕೂಡಿಹಾಕಿದ್ದ ಹಳೆಯ ಚರ್ಚಿನ ಕಡೆಗೆ ನೋಡುತ್ತ ನಿಂತಿದ್ದಾಳೆ.