ಮುಟ್ಟದ ಸ್ವಿಚ್ಚು ತಾನಾಗಿ ಒತ್ತಿಕೊಂಡಾಗ...

ವಿಮಾನದ ಕಾಕ್‌ಪಿಟ್ಟನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಹುಚ್ಚು ಇರುವವರು ಪ್ರಪಂಚದ ತುಂಬಾ ಇದ್ದಾರೆ. ಪ್ಲೈವುಡ್ಡು, ಹಳೇ ಮಾನಿಟರು, ಒಂದು ಆರ್ಡುಯಿನೋ ಬೋರ್ಡು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ರಾಶಿ ಸ್ವಿಚ್ಚುಗಳು. ಎಲ್ಲ ಜೋಡಿಸಿದ ಮೇಲೆ ಶುರುವಾಗುವ ತಲೆನೋವು ಮಾತ್ರ ಎಲ್ಲರಿಗೂ ಒಂದೇ: ಯಾರೂ ಮುಟ್ಟದ ಸ್ವಿಚ್ಚು ತಾನಾಗಿ ಆನ್ ಆಗುವುದು. ಇದು ಕಂಪ್ಯೂಟರ್ ಕಾಲದ ಕಾಯಿಲೆ ಅಂತ ಅನ್ನಿಸಬಹುದು. ಆದರೆ ಇದು ವಿಮಾನಕ್ಕಿಂತಲೂ ಹಳೆಯದು!

ಭಜನಾ ಮಂಡಳಿಯ ಹಳೇ ಹಾರ್ಮೋನಿಯಂ ನೋಡಿದ್ದೀರಾ? ಬೆರಳು ತೆಗೆದರೂ ಒಂದು ಸ್ವರ ಕೂಗುತ್ತಲೇ ಇರುತ್ತದೆ. ಒಳಗೆ ಧೂಳು ಕೂತಿರುತ್ತದೆ, ಇಲ್ಲಾ ಸ್ಪ್ರಿಂಗು ಸಡಿಲವಾಗಿರುತ್ತದೆ. ಪಾಶ್ಚಾತ್ಯರ ದೊಡ್ಡ ಪೈಪ್ ಆರ್ಗನ್‌ಗಳಲ್ಲೂ ಇದೇ ಕಾಟ; ಅವರು ಅದನ್ನು 'ಸೈಫರ್' ಅಂತ ಕರೆದರು. ತಮಾಷೆ ಏನೆಂದರೆ, ವಿಮಾನದ ಸಿಮ್ಯುಲೇಟರ್ ಹುಟ್ಟಿದ್ದೇ ಆರ್ಗನ್ ಕಾರ್ಖಾನೆಯಲ್ಲಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ತನ್ನ ಅಪ್ಪನ ಪಿಯಾನೋ-ಆರ್ಗನ್ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಅದೇ ಗಾಳಿತಿದಿಗಳನ್ನು ಮರದ ಪುಟ್ಟ ವಿಮಾನದ ಕೆಳಗೆ ಜೋಡಿಸಿ, 1929ರ ಹೊತ್ತಿಗೆ ನೆಲದ ಮೇಲೇ ಓಲಾಡುವ ಯಂತ್ರ ಮಾಡಿದ. ಮೊದಲು ಅದು ಜಾತ್ರೆಯ ಆಟದ ಸಾಮಾನಿನಂತೆ ಮಾರಾಟವಾಯಿತು. 1934ರಲ್ಲಿ ಟಪಾಲು ಸಾಗಿಸಲು ಹೋದ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲಾಗಿ ಸತ್ತ ಮೇಲೆ ಅಮೆರಿಕದ ಸೇನೆ ಆರು ಯಂತ್ರ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಇದರಲ್ಲೇ ಪಳಗಿದರು.

ಈಗ ನಮ್ಮ ಕಡೆಗೆ ಬರೋಣ. ಕೊಳ್ಳೇಗಾಲದಿಂದ ಸ್ವಲ್ಪವೇ ದೂರದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ, ಸುಮಾರು 147 ಕಿ.ಮೀ. ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದೂ ಇದೇ ಕರೆಂಟಿನಿಂದ. ಆಗ ಯಳಂದೂರು ಮೈಸೂರು ಸಂಸ್ಥಾನದಲ್ಲಿ. ಹನೂರು ಸೇರಿದ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ. ಅದು ಮೈಸೂರಿಗೆ ಸೇರಿದ್ದು 1956ರಲ್ಲಿ. ರಾಜ್ಯದ ಗಡಿ ಎಲ್ಲೇ ಇರಲಿ, ಕರೆಂಟಿನ ಗುಣ ಒಂದೇ: ಅದು ಹರಿಯುವ ತಂತಿಯ ಪಕ್ಕ ಇನ್ನೊಂದು ತಂತಿ ಇದ್ದರೆ ಅದರಲ್ಲೂ ಸಣ್ಣದಾಗಿ ಮಿಡಿಯುತ್ತದೆ.

ಮನೆಯ ಕಾಕ್‌ಪಿಟ್ಟಿಗೆ ಕಾಟ ಕೊಡುವುದು ಈ ಮಿಡಿತವೇ. ಕೊಳ್ಳೇಗಾಲದ ಗೆಳೆಯನೊಬ್ಬನ ಮನೆಯಲ್ಲಿ ಅಡುಗೆ ಮನೆಯ ಮಿಕ್ಸಿ ತಿರುಗಿದರೆ ಅವನ ಬೋಯಿಂಗಿನ ಚಕ್ರ ಕೆಳಗಿಳಿಯುತ್ತಿತ್ತು :) ಸ್ವಿಚ್ಚು ಆಫ್ ಇದ್ದಾಗ ಬೋರ್ಡಿನ ಪಿನ್ನು ಯಾವುದಕ್ಕೂ ಅಂಟದೆ ತೇಲುತ್ತಿರುತ್ತದೆ. ಎರಡು ಮೀಟರ್ ವೈರು ಆಂಟೆನಾ ಆಗುತ್ತದೆ. ಬೋರ್ಡಿನೊಳಗೇ ಇರುವ ಪುಲ್-ಅಪ್ ರೆಸಿಸ್ಟರು ಉದ್ದ ವೈರಿಗೆ ದುರ್ಬಲ. ಹೊರಗಿನಿಂದ 4.7 ಕಿಲೋ ಓಮ್ ರೆಸಿಸ್ಟರು, ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿ, ಸ್ವಿಚ್ಚಿನ ವೈರನ್ನು 230 ವೋಲ್ಟಿನ ವೈರಿನಿಂದ ದೂರ ಎಳೆದ ಮೇಲೆ ಚಕ್ರ ಇದ್ದಲ್ಲೇ ಇತ್ತು.

ಅವನ ಎರಡನೇ ತೊಂದರೆ ಇನ್ನೂ ಸ್ವಾರಸ್ಯಕರ. ಪಿನ್ನು ಉಳಿಸಲು ಸ್ವಿಚ್ಚುಗಳನ್ನು ಕೀಬೋರ್ಡಿನ ಹಾಗೆ ಅಡ್ಡಸಾಲು, ಉದ್ದಸಾಲುಗಳ ಜಾಲದಲ್ಲಿ ಹೆಣೆದಿದ್ದ. ಚೌಕದ ಮೂರು ಮೂಲೆಯ ಸ್ವಿಚ್ಚು ಆನ್ ಇದ್ದರೆ ನಾಲ್ಕನೆಯದೂ ಆನ್ ಇದ್ದಂತೆ ಕಾಣುತ್ತದೆ. ಕರೆಂಟು ಹಿಂದಿನ ಬಾಗಿಲಿಂದ ಬಂದುಬಿಡುತ್ತದೆ. ಕೀಬೋರ್ಡಿನಲ್ಲಿ ಇದು ಅಪರೂಪ, ಕೀ ಒತ್ತಿ ಬಿಟ್ಟುಬಿಡುತ್ತೇವೆ. ಕಾಕ್‌ಪಿಟ್ಟಿನ ಸ್ವಿಚ್ಚುಗಳಾದರೋ ಗಂಟೆಗಟ್ಟಲೆ ಆನ್ ಆಗೇ ಇರುತ್ತವೆ. ಮದ್ದು: ಸ್ವಿಚ್ಚಿಗೊಂದು ಡಯೋಡ್. ಇನ್ನು ಒಂದೇ ಸಲ ಒತ್ತಿದರೆ ನಾಲ್ಕು ಸಲ ಒತ್ತಿದಂತಾಗುವುದಕ್ಕೆ ಕಾರಣ ಲೋಹದ ತುದಿಗಳ ಪುಟಿತ. ಪ್ರೋಗ್ರಾಮಿನಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡು ಕಾದು ಮತ್ತೆ ಓದಿದರೆ ಸಾಕು.

ಮನೆಯಲ್ಲಿ ಇದು ಆಟ. ಆಕಾಶದಲ್ಲಿ ಅಲ್ಲ. 2008ರ ಅಕ್ಟೋಬರ್ 7ರಂದು ಸಿಂಗಪುರದಿಂದ ಪರ್ತ್‌ಗೆ ಹೊರಟಿದ್ದ ಕ್ವಾಂಟಾಸ್ 72 ವಿಮಾನದ ಒಂದು ಉಪಕರಣ, ಮೂತಿ ವಿಪರೀತ ಮೇಲೆದ್ದಿದೆ ಎಂಬ ಸುಳ್ಳು ಅಂಕಿ ಕಳಿಸಿತು. ಕಂಪ್ಯೂಟರು ನಂಬಿ ಮೂತಿಯನ್ನು ಕೆಳಗೆ ತಳ್ಳಿತು. ನೂರಕ್ಕೂ ಹೆಚ್ಚು ಜನಕ್ಕೆ ಗಾಯ. ವಿಮಾನ ಹೇಗೋ ಸುರಕ್ಷಿತವಾಗಿ ಇಳಿಯಿತು.

ನಮ್ಮ ಬೆಂಗಳೂರಿನ ಕಥೆ ಇನ್ನೂ ಕಹಿ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್ 605 ರನ್‌ವೇಗೆ ಮೊದಲೇ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಇಳಿಯುವಾಗ ಇಂಜಿನ್ನುಗಳು ಐಡಲ್‌ನಲ್ಲಿದ್ದವು. ಇಳಿಯುವ ವೇಗದ ನಾಬ್ ಬದಲು ಎತ್ತರದ ನಾಬ್ ತಿರುಗಿಸಿರಬಹುದು ಎಂಬ ಸಾಧ್ಯತೆ ತನಿಖೆಯಲ್ಲಿ ಚರ್ಚೆಗೆ ಬಂತು. ಹಾಗಾಗಿದ್ದರೆ ವೈರು ಸರಿ, ಸ್ವಿಚ್ಚು ಸರಿ, ಆಜ್ಞೆ ಮಾತ್ರ ತಪ್ಪು.

ಧೂಳಿನಿಂದ ಬಂದದ್ದೋ, ಮಿಕ್ಸಿಯಿಂದ ಬಂದದ್ದೋ, ಬೆರಳಿನಿಂದ ಬಂದದ್ದೋ, ಯಂತ್ರಕ್ಕೆ ಎಲ್ಲ ಒಂದೇ. ಅದನ್ನು ಅನುಮಾನಿಸುವುದನ್ನು ನಾವೇ ಕಲಿಸಬೇಕು: ಕಾದು ನೋಡು, ಇನ್ನೊಂದು ಸಲ ಕೇಳು, ಮೂವರನ್ನು ಕೇಳು. ಹತ್ತು ರೂಪಾಯಿಯೂ ಆಗದ ಡಯೋಡು ಮಾಡುವುದೂ ಅಷ್ಟೇ, ಹಿಂದಿನ ಬಾಗಿಲು ಮುಚ್ಚುವುದು.