ನಿದ್ದೆಯಲ್ಲಿ ನಡೆದವನ ತಪ್ಪು

1878ರ ಏಪ್ರಿಲ್‌ನ ಒಂದು ರಾತ್ರಿ, ಗ್ಲಾಸ್ಗೋ ನಗರದ ಸೈಮನ್ ಫ್ರೇಸರ್‌ಗೆ ಬಿಳಿಯ ಮೃಗವೊಂದು ಮಗುವಿನ ಮೇಲೆ ಎರಗಿದಂತೆ ಕಂಡಿತು. ಅದನ್ನು ಹಿಡಿದು ಅಪ್ಪಳಿಸಿದ. ಎಚ್ಚರವಾದಾಗ ತಿಳಿಯಿತು, ಅಪ್ಪಳಿಸಿದ್ದು ಒಂದೂವರೆ ವರ್ಷದ ತನ್ನ ಮಗನನ್ನೇ. ಮಗು ಉಳಿಯಲಿಲ್ಲ.

ಜುಲೈನಲ್ಲಿ ಎಡಿನ್‌ಬರೋದ ಹೈಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಕೊಂದವನು ಯಾರು ಎಂಬುದರ ಬಗ್ಗೆ ತಕರಾರಿರಲಿಲ್ಲ. ಅವನು ಮೊದಲಿನಿಂದಲೂ ನಿದ್ದೆಯಲ್ಲಿ ಎದ್ದು ಓಡಾಡುತ್ತಿದ್ದ, ಮನೆಯವರ ಮೇಲೆ ಬೀಳುತ್ತಿದ್ದ ಎಂದು ಮನೆಯವರೇ ಸಾಕ್ಷಿ ಹೇಳಿದರು. ಇದು ಹುಚ್ಚೋ ಅಲ್ಲವೋ ಎಂಬುದರಲ್ಲಿ ಮಾತ್ರ ವೈದ್ಯರಿಗೆ ಒಮ್ಮತ ಬರಲಿಲ್ಲ. ಜ್ಯೂರಿ ಆ ಜಗಳಕ್ಕೆ ಹೋಗದೆ, ನಿದ್ದೆನಡಿಗೆಯಿಂದಾಗಿ ಅವನಿಗೆ ತಾನೇನು ಮಾಡುತ್ತಿದ್ದೇನೆಂಬ ಪ್ರಜ್ಞೆ ಇರಲಿಲ್ಲ, ಆದ್ದರಿಂದ ಹೊಣೆಯೂ ಇಲ್ಲ ಎಂದಿತು. ಇನ್ನು ಮುಂದೆ ರಾತ್ರಿ ಒಬ್ಬನೇ ಮಲಗುತ್ತೇನೆ ಎಂಬ ಮುಚ್ಚಳಿಕೆ ಪಡೆದು ಕೋರ್ಟು ಬಿಟ್ಟುಬಿಟ್ಟಿತು. ಜೈಲಿಲ್ಲ, ಹುಚ್ಚಾಸ್ಪತ್ರೆಯೂ ಇಲ್ಲ. ಆ ಕಾಲದ ತೀರ್ಪುಗಳಲ್ಲಿ ಇಷ್ಟು ವಿವೇಕದ್ದನ್ನು ನಾನು ಹೆಚ್ಚು ಓದಿಲ್ಲ.

ಅನುವಾದದ ಕೆಲಸದಲ್ಲಿ ಈ ಸ್ಥಿತಿಯ ಹೆಸರೇ ಒಂದು ತೊಡಕು. ಸೋಮ್ನಾಂಬುಲಿಸಂ ಎಂದರೆ ಲ್ಯಾಟಿನ್ನಿನ 'ನಿದ್ದೆ', 'ನಡೆ' ಎರಡೂ ಕೂಡಿದ್ದು. ಆದರೆ 1784ರಲ್ಲಿ ಫ್ರಾನ್ಸಿನ ಬ್ಯುಜಾನ್ಸಿಯಲ್ಲಿ ಪ್ಯುಯಿಸೆಗ್ಯೂರ್ ಎಂಬ ಜಮೀನ್ದಾರ, ವಿಕ್ಟರ್ ರೇಸ್ ಎಂಬ ರೈತ ಯುವಕನನ್ನು ಮೆಸ್ಮರನ ಪದ್ಧತಿಯಿಂದ ಮಂಪರಿಗೆ ಒಯ್ದ. ಆ ಮಂಪರಿಗೂ ಇದೇ ಹೆಸರು ಬಿತ್ತು. ಹಾಗಾಗಿ ಹಳೆಯ ಫ್ರೆಂಚ್ ಬರಹದಲ್ಲಿ ಈ ಪದ ಸಿಕ್ಕಾಗ, ನಡೆದವನೋ ಮಂಪರಿನವನೋ ಎಂದು ಹಿಂದೆಮುಂದೆ ನೋಡಬೇಕು. ನಮ್ಮ 'ನಿದ್ದೆಗಣ್ಣಲ್ಲಿ ಎದ್ದು ಓಡಾಡೋದು' ಎಂಬ ಮನೆಮಾತಿಗೆ ಈ ಗೋಜಿಲ್ಲ.

ನಿದ್ದೆಯಲ್ಲಿ ನಡೆಯುವವರು ಕನಸನ್ನೇ ನಟಿಸುತ್ತಾರೆ, ಒಳಗೆ ಬಚ್ಚಿಟ್ಟದ್ದು ಹೊರಬರುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಷೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್ ಅದಕ್ಕೆ ಸಾಕ್ಷಿ. 1965ರಲ್ಲಿ ಅಮೆರಿಕದ ಸಂಶೋಧಕರು ಇಂಥವರ ಮಿದುಳಿನ ಅಲೆಗಳನ್ನು ರಾತ್ರಿಯಿಡೀ ದಾಖಲಿಸಿದಾಗ, ನಡಿಗೆ ಶುರುವಾಗುವುದು ಕನಸು ದಟ್ಟವಾಗಿರುವ ಹಂತದಲ್ಲಲ್ಲ, ಅತಿ ಗಾಢ ನಿದ್ದೆಯಲ್ಲಿ ಎಂದು ತಿಳಿಯಿತು. 1968ರಲ್ಲಿ ಕೆನಡಾದ ರೋಜರ್ ಬ್ರಾಟನ್ ಇದನ್ನು ಎಚ್ಚರಗೊಳ್ಳುವುದರಲ್ಲಿನ ತೊಡಕು ಎಂದು ವಿವರಿಸಿದರು. ಕಾಲಿಗೆ ಎಚ್ಚರವಾಗಿರುತ್ತದೆ, ವಿವೇಚನೆಗೂ ನೆನಪಿಗೂ ಆಗಿರುವುದಿಲ್ಲ. ಗಾಢ ನಿದ್ದೆ ಮಕ್ಕಳಲ್ಲಿ ಹೆಚ್ಚು, ಹಾಗಾಗಿ ನಡೆಯುವವರೂ ಅವರಲ್ಲೇ ಹೆಚ್ಚು. ಬಹುಪಾಲು ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ದೊಡ್ಡವರಾದ ಮೇಲೂ ನಡೆಯುವ ಕೆಲವರಿಗೆ ಚೂರುಪಾರು ದೃಶ್ಯ ನೆನಪಿರುವುದುಂಟು, ಫ್ರೇಸರ್‌ಗೆ ಮೃಗ ನೆನಪಿದ್ದಂತೆ.

1987ರಲ್ಲಿ ಟೊರಾಂಟೊ ಬಳಿಯ ಕೆನೆತ್ ಪಾರ್ಕ್ಸ್ ರಾತ್ರಿ ಎದ್ದು ಸುಮಾರು 23 ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗಿ ಅತ್ತೆಯನ್ನು ಕೊಂದ, ಮಾವನನ್ನು ತೀವ್ರವಾಗಿ ಗಾಯಗೊಳಿಸಿದ. ಅವನ ಪರ ಸಾಕ್ಷಿ ಹೇಳಿದ ತಜ್ಞರಲ್ಲಿ ಬ್ರಾಟನ್ ಕೂಡ ಒಬ್ಬರು. ಖುಲಾಸೆಯಾಯಿತು, 1992ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟು ದೂರ ಕಾರು ಓಡಿಸಿದವನಿಗೆ ಎಚ್ಚರವಿರಲಿಲ್ಲ ಎಂಬುದನ್ನು ಒಪ್ಪಲು ನನಗೆ ಇಂದಿಗೂ ಕಷ್ಟ. ಫ್ರೇಸರ್ ವಿಷಯದಲ್ಲಿ ಆ ಕಷ್ಟವಿಲ್ಲ.

ಬಹುಶಃ ತಮ್ಮನ ಕಾರಣಕ್ಕೆ. ಹನ್ನೊಂದನೆಯ ವಯಸ್ಸಿನಲ್ಲಿ ಹಾಸ್ಟೆಲಿನ ಗೇಟಿನ ಹತ್ತಿರ ನಡುರಾತ್ರಿ ಸಿಕ್ಕಿಬಿದ್ದ. ಓಡಿಹೋಗುತ್ತಿದ್ದಾನೆಂದು ವಾರ್ಡನ್ ಹೊಡೆದು, ತಪ್ಪಾಯಿತೆಂದು ಬರೆಸಿಕೊಂಡರು. ಅವನು ಬರೆದೂ ಕೊಟ್ಟ, ಯಾವುದಕ್ಕೆಂದು ಗೊತ್ತಿಲ್ಲದೆ. ಮನೆಯಲ್ಲಾದರೆ ಅಮ್ಮ ಅಲುಗಾಡಿಸಿ ಎಬ್ಬಿಸುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಭುಜ ಹಿಡಿದು ಮೆಲ್ಲಗೆ ಹಾಸಿಗೆಗೆ ತಿರುಗಿಸಿ, ಬಾಗಿಲಿನ ಮೇಲಿನ ಚಿಲಕ ಹಾಕಿ ಮಲಗುತ್ತಿದ್ದಳು. ಈಗಿನ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಜ್ವರ ಬಂದಾಗ, ನಿದ್ದೆಗೆಟ್ಟಾಗ ಹೆಚ್ಚಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಪರೀಕ್ಷೆಯ ವಾರದಲ್ಲಿ ಎರಡು ಚಿಲಕ ಹಾಕುತ್ತಿದ್ದಳು.