ಹಲಗೆ ಕುಟ್ಟಿದ ಸದ್ದು

'ವೇರ್ ಡಿಡ್ ಅವರ್ ಲವ್ ಗೋ' ಹಾಡು ಶುರುವಾಗೋದೇ ದಪ್ ದಪ್ ಅನ್ನೋ ಸದ್ದಿನಿಂದ. ಕೇಳಿದ ತಕ್ಷಣ ಚಪ್ಪಾಳೆ ಅನ್ಸುತ್ತೆ. ಅಲ್ಲ. ನೆಲಕ್ಕೆ ಮರದ ಹಲಗೆ ಹಾಸಿ, ಅದರ ಮೇಲೆ ಬೂಟುಗಾಲಿನಲ್ಲಿ ಕುಟ್ಟಿ ರೆಕಾರ್ಡ್ ಮಾಡಿದ್ದು ಅದು. 1964ರ ಡೆಟ್ರಾಯಿಟ್‌ನಲ್ಲಿ, ಒಂದು ಮನೆಯ ಹಿಂಭಾಗದ ಪುಟ್ಟ ಸ್ಟುಡಿಯೋದಲ್ಲಿ.

ಆ ಮನೆಯೇ ಮೋಟೌನ್ ಕಂಪನಿ. ಮಾಲೀಕ ಬೆರ್ರಿ ಗಾರ್ಡಿ, ಅದಕ್ಕೂ ಮೊದಲು ಲಿಂಕನ್-ಮರ್ಕ್ಯುರಿ ಕಾರ್ಖಾನೆಯಲ್ಲಿ ಕೂಲಿಗಿದ್ದವನು. 1959ರಲ್ಲಿ ಮನೆಯವರ ಹತ್ತಿರ 800 ಡಾಲರ್ ಸಾಲ ತಗೊಂಡು ಕಂಪನಿ ಶುರುಮಾಡಿದ. ಕಾರು ಕಟ್ಟುವ ಹಾಗೆಯೇ ಹಾಡು ಕಟ್ಟಬೇಕು ಅನ್ನೋದು ಅವನ ಲೆಕ್ಕ. ಬರೆಯೋರು ಬೇರೆ, ಬಾರಿಸೋರು ಬೇರೆ, ಹಾಡುವವರಿಗೆ ನಡಿಗೆ-ನುಡಿ ಕಲಿಸೋಕೆ ಇನ್ನೊಬ್ಬರು. ಕೊನೆಗೆ ಕ್ವಾಲಿಟಿ ಕಂಟ್ರೋಲ್ ಮೀಟಿಂಗ್! ಅಲ್ಲಿ ಕೇಳ್ತಿದ್ದ ಪ್ರಶ್ನೆ ನಮ್ಮ ಯಾವ ಪ್ರಾಡಕ್ಟ್ ರಿವ್ಯೂನಲ್ಲೂ ನಾನು ಕೇಳಿಲ್ಲ: ಜೇಬಲ್ಲಿ ಕೊನೇ ಒಂದು ಡಾಲರ್ ಉಳಿದಿದ್ರೆ ಈ ರೆಕಾರ್ಡ್ ಕೊಳ್ತೀರೋ, ಸ್ಯಾಂಡ್‌ವಿಚ್ ಕೊಳ್ತೀರೋ?

ಸುಪ್ರೀಮ್ಸ್ ಹುಡುಗಿಯರಿಗೆ ಸುಮಾರು ಮೂರು ವರ್ಷ ಸ್ಯಾಂಡ್‌ವಿಚ್ ಎದುರು ಸೋಲೇ ಗತಿಯಾಗಿತ್ತು. ಬ್ರೂಸ್ಟರ್ ಅನ್ನೋ ಸರ್ಕಾರಿ ವಸತಿ ಬಡಾವಣೆಯ ಕಡೆಯಿಂದ ಬಂದ ಕಪ್ಪು ಹುಡುಗಿಯರು. ಫ್ಲಾರೆನ್ಸ್ ಬಲ್ಲಾರ್ಡ್, ಮೇರಿ ವಿಲ್ಸನ್, ಡಯಾನಾ ರಾಸ್. 1961ರಲ್ಲಿ ಮೋಟೌನ್ ಸೇರುವಾಗ ಜೊತೆಗೆ ಇನ್ನೊಬ್ಬಳಿದ್ದಳು, ಮರುವರ್ಷ ಬಿಟ್ಟು ಹೋದಳು. ಒಂದಾದ ಮೇಲೊಂದು ಹಾಡು ಮುಗ್ಗರಿಸಿ, ಕಂಪನಿಯೊಳಗೆ 'ಹಿಟ್ಟೇ ಇಲ್ಲದ ಸುಪ್ರೀಮ್ಸ್' ಅಂತ ಅಡ್ಡಹೆಸರು ಬಿತ್ತು. ಇನ್ನು ಈ ಹಲಗೆ ಹಾಡು ಅವರಿಗೆ ಬಂದದ್ದೂ ಎಂಜಲಾಗಿಯೇ. ಹಾಲಂಡ್-ಡೋಜಿಯರ್-ಹಾಲಂಡ್ ತ್ರಯರು ಅದನ್ನು ಮೊದಲು ಮಾರ್ವೆಲೆಟ್ಸ್ ತಂಡದ ಮುಂದಿಟ್ಟಿದ್ದರು; ಅವರು ಬೇಡ ಅಂದರು. ಸುಪ್ರೀಮ್ಸ್‌ಗೂ ಇಷ್ಟ ಇರಲಿಲ್ಲ, ಆದ್ರೆ ಬೇಡ ಅನ್ನೋ ಸ್ಥಿತಿಯಲ್ಲಿ ಅವರಿರಲಿಲ್ಲ. ಶ್ರುತಿ ಮಾರ್ವೆಲೆಟ್ಸ್ ಗಾಯಕಿಗೆ ಹೊಂದಿಸಿದ್ದು, ಹಾಗಾಗಿ ಡಯಾನಾ ತನ್ನ ರೂಢಿಗಿಂತ ಕೆಳಗೆ ಹಾಡಬೇಕಾಯ್ತು.

ಇದೇ ವರವಾಯ್ತು ನೋಡಿ. ಎತ್ತರದಲ್ಲಿ ಸ್ವಲ್ಪ ಮೂಗಿನಿಂದ ಬರುತ್ತಿದ್ದ ಆ ದನಿ ಕೆಳಗಿಳಿದಾಗ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳಿಸಿತು. ಬಿಟ್ಟುಹೋದವನನ್ನು ಕೇಳುವ ಮಾತು. ಕೆಳಗೆ ಕುಣಿಯುವ ತಾಳ. ಅಳುವವಳ ಕಾಲು ಮಾತ್ರ ಕುಣೀತಾ ಇದೆ. ಹಾಡು ದೊಡ್ಡದಾಗಿ ಏರುವುದೇ ಇಲ್ಲ, ಸುತ್ತಿದ್ದೇ ಸುತ್ತುತ್ತೆ, ನೋವಿನ ಯೋಚನೆ ಸುತ್ತುವ ಹಾಗೆ. ಅರವತ್ತು ವರ್ಷ ಕಳೆದರೂ ಹಳಸದೇ ಇರೋಕೆ ಇದೇ ಕಾರಣ ಅಂತ ನನ್ನ ಅಂದಾಜು. ಇನ್ನೊಂದು ಕಾರಣ ಶುದ್ಧ ಎಂಜಿನಿಯರಿಂಗ್. ಕೇಳುಗರು ಕಾರಿನ ರೇಡಿಯೋದಲ್ಲಿ ಕೇಳ್ತಾರೆ ಅಂತ ಮೋಟೌನ್‌ನವರು ಮಿಕ್ಸ್ ಅನ್ನು ಪುಟ್ಟ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿದ್ದರು. ನಿಮ್ಮ ಫೋನಿನ ಸ್ಪೀಕರಿನಲ್ಲೂ ಅದು ಅಷ್ಟು ಚೆನ್ನಾಗಿ ಕೇಳೋದು ಸುಮ್ಮನೆ ಅಲ್ಲ. 1981ರಲ್ಲಿ ಸಾಫ್ಟ್ ಸೆಲ್ ಇದೇ ಹಾಡನ್ನು ಸಿಂಥಸೈಸರ್‌ಗೆ ಇಳಿಸಿದರು, ಆಗಲೂ ನಿಂತಿತು.

1964ರ ಆಗಸ್ಟ್‌ನಲ್ಲಿ ಅದು ಅಮೆರಿಕದ ನಂಬರ್ ಒನ್. ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದದ್ದು ಹಿಂದಿನ ತಿಂಗಳಷ್ಟೇ. ಬೀಟಲ್ಸ್ ಅಬ್ಬರದ ವರ್ಷ ಬೇರೆ. 'ಬೇಬಿ ಲವ್', 'ಕಮ್ ಸೀ ಅಬೌಟ್ ಮಿ', 'ಸ್ಟಾಪ್! ಇನ್ ದ ನೇಮ್ ಆಫ್ ಲವ್', 'ಬ್ಯಾಕ್ ಇನ್ ಮೈ ಆರ್ಮ್ಸ್ ಅಗೇನ್'. 1965ರ ಜೂನ್ ಹೊತ್ತಿಗೆ ಸಾಲಾಗಿ ಐದು ನಂಬರ್ ಒನ್. 1964ರ ಡಿಸೆಂಬರ್ 27ಕ್ಕೆ ಎಡ್ ಸಲಿವನ್ ಶೋನಲ್ಲಿ ಮೂವರೂ ಟಿವಿ ಮೇಲೆ ಬಂದರು. ಕಪ್ಪು ಹೆಂಗಸರನ್ನು ಟಿವಿಯಲ್ಲಿ ಮನೆಗೆಲಸದವರಾಗಿ ನೋಡಿ ಅಭ್ಯಾಸವಿದ್ದ ದೇಶಕ್ಕೆ ಆ ಕೆಲವು ನಿಮಿಷ ಸಣ್ಣದಲ್ಲ.

ಆದ್ರೆ ಈ ಹಾಡುಗಳನ್ನು ಕೇಳುವಾಗ ನನ್ನ ಕಿವಿ ಹಿಂದಕ್ಕೇ ಹೋಗುತ್ತೆ. 'ಸುಪ್ರೀಮ್ಸ್' ಅನ್ನೋ ಹೆಸರು ಆರಿಸಿದ್ದು ಫ್ಲಾರೆನ್ಸ್. 1961ರ 'ಬಟರ್ಡ್ ಪಾಪ್‌ಕಾರ್ನ್'ನಲ್ಲಿ ಮುಂದೆ ನಿಂತು ಹಾಡಿದ್ದೂ ಅವಳೇ: ದಪ್ಪ, ಬಿಸಿ, ಚರ್ಚಿನ ದನಿ. ಆದರೆ ಜನಪ್ರಿಯವಾದ ಹಾಡುಗಳಲ್ಲಿ ಅವಳಿಗೂ ಮೇರಿಗೂ ಸಿಕ್ಕಿದ್ದು ಹಿಂದಿನಿಂದ ಮಾರುತ್ತರ ಕೊಡುವ ಕೆಲಸ. 1967ರಲ್ಲಿ ತಂಡದ ಹೆಸರು 'ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್' ಆಯಿತು, ಅದೇ ವರ್ಷ ಫ್ಲಾರೆನ್ಸ್ ಜಾಗಕ್ಕೆ ಸಿಂಡಿ ಬರ್ಡ್‌ಸಾಂಗ್ ಬಂದಳು. ಒಂಟಿಯಾಗಿ ಹಾಡಿದ್ದು ಓಡಲಿಲ್ಲ, ಕೋರ್ಟಿನಲ್ಲಿ ಗೆಲ್ಲಲಿಲ್ಲ; ಸರ್ಕಾರದ ನೆರವಿನ ಹಣದಲ್ಲಿ ಮಕ್ಕಳನ್ನು ಸಾಕುವ ಸ್ಥಿತಿ ಬಂತು. 1976ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವಯಸ್ಸು 32.

ಡಯಾನಾಳನ್ನು ಖಳನಾಯಕಿ ಮಾಡೋದು ಸುಲಭ, ಬಹಳ ಜನ ಮಾಡಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ತೆಳು ದನಿ ಇಲ್ಲದಿದ್ರೆ ಹಾಡು ಚಿಕ್ಕ ಸ್ಪೀಕರ್ ದಾಟಿ ಬರ್ತಿರಲಿಲ್ಲ. ತೊಂದರೆ ಇದ್ದದ್ದು ಕಾರ್ಖಾನೆಯ ನಿಯಮದಲ್ಲಿ: ಮುಂದಿರುವ ಬಾನೆಟ್ಟಿಗೆ ಮಾತ್ರ ಹೆಸರು. ಬೇಸ್ ಬಾರಿಸಿದ ಜೇಮ್ಸ್ ಜೇಮರ್ಸನ್‌ನ ಹೆಸರೂ ಆ ರೆಕಾರ್ಡ್‌ಗಳ ಮೇಲೆ ಇಲ್ಲ. 1971ರಲ್ಲಿ ಮಾರ್ವಿನ್ ಗೇ ತನ್ನ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನಲ್ಲಿ ವಾದ್ಯಗಾರರ ಹೆಸರು ಹಾಕಿಸುವವರೆಗೆ ಅವರೆಲ್ಲ ಅನಾಮಿಕರೇ.

'ಬಟರ್ಡ್ ಪಾಪ್‌ಕಾರ್ನ್' ಯೂಟ್ಯೂಬಿನಲ್ಲಿ ಸಿಗುತ್ತೆ. ಮೊದಲು ಅದನ್ನು ಕೇಳಿ, ಆಮೇಲೆ 'ಬೇಬಿ ಲವ್' ಹಾಕಿ. ಹಿಂದಿನ ದನಿಗಳಲ್ಲಿ ಅವಳದ್ದು ಯಾವುದು ಅಂತ ಗೊತ್ತಾಗಿಬಿಡುತ್ತೆ.